ಟನಲ್ ಎದ್ದಿದೆ, ಉತ್ತರ ಬರುತ್ತಿಲ್ಲ: ಮೈಸೂರು, ಮಂಡ್ಯ, ಮದ್ದೂರು ಕಚೇರಿಗಳ ನಡುವೆ ವಿಪಿಎನ್ ರೂಟಿಂಗ್ ಮಾಡುವ ಕ್ರಮ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಮುಖ್ಯ ಕಚೇರಿ, ಮಂಡ್ಯದ ಹೊರವಲಯದಲ್ಲಿ ಅಕ್ಕಿ ಗಿರಣಿ, ಮದ್ದೂರಿನಲ್ಲಿ ಗೋದಾಮು ಇರುವ ಒಂದು ವ್ಯಾಪಾರ ಸಂಸ್ಥೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಲೆಕ್ಕಪತ್ರದ ಸರ್ವರ್ ಮೈಸೂರಿನಲ್ಲಿದೆ. ಗಿರಣಿಗೆ ಭತ್ತದ ಲಾರಿ ಬಂದಾಗ ವೇಬ್ರಿಡ್ಜ್‌ನ ಕಂಪ್ಯೂಟರ್ ತೂಕವನ್ನು ನೇರವಾಗಿ ಆ ಸರ್ವರಿಗೆ ಬರೆಯಬೇಕು. ಗೋದಾಮಿನ ಕ್ಯಾಮೆರಾಗಳನ್ನು ಮೈಸೂರಿನಲ್ಲಿ ಕುಳಿತು ನೋಡುವಂತಿರಬೇಕು. ಮೂರೂ ಕಡೆ ಬ್ರಾಡ್‌ಬ್ಯಾಂಡ್ ಇದೆ, ಮೂರೂ ಕಡೆ ವಿಪಿಎನ್ (ಇಂಟರ್ನೆಟ್ ಮೇಲೆಯೇ ಊರುಗಳ ನಡುವೆ ಖಾಸಗಿ ಸಂಪರ್ಕ) ಮಾಡಬಲ್ಲ ರೂಟರ್ ಇದೆ, ರೂಟರ್‌ನ ಪರದೆಯಲ್ಲಿ ಆ ಸಂಪರ್ಕದ ದಾರಿ, ಅಂದರೆ ಟನಲ್, ಹಸಿರು ಬಣ್ಣದಲ್ಲಿಯೇ ಇದೆ. ಆದರೂ ವೇಬ್ರಿಡ್ಜ್‌ನವರು ಫೋನ್ ಮಾಡಿ, ‘ಸರ್ವರ್ ಸಿಗುತ್ತಿಲ್ಲ ಸಾರ್’ ಎನ್ನುತ್ತಾರೆ.

ಇಂತಹ ದೂರುಗಳಲ್ಲಿ ನಾನು ಕಂಡಂತೆ ವಿಪಿಎನ್‌ನ ತಪ್ಪು ಕಡಿಮೆ, ರೂಟಿಂಗ್‌ನ (ಯಾವುದು ಯಾವ ದಾರಿಯಲ್ಲಿ ಹೋಗಬೇಕೆಂದು ಹೇಳುವುದರ) ತಪ್ಪು ಹೆಚ್ಚು; ರೂಟಿಂಗ್‌ನಲ್ಲಿಯೂ ಹೋಗುವ ದಾರಿಗಿಂತ ಹಿಂತಿರುಗುವ ದಾರಿಯದ್ದೇ ಹೆಚ್ಚು. ಮಂಡ್ಯದಿಂದ ಹೊರಟ ಪ್ಯಾಕೆಟ್ (ಮಾಹಿತಿಯ ತುಣುಕು) ಮೈಸೂರಿನ ಸರ್ವರನ್ನು ಸರಿಯಾಗಿಯೇ ಮುಟ್ಟಿರುತ್ತದೆ. ಉತ್ತರ ಬರೆದ ಸರ್ವರಿಗೆ ಅದನ್ನು ಯಾರ ಕೈಗೆ ಕೊಡಬೇಕೆಂಬುದು ತಿಳಿದಿರುವುದಿಲ್ಲ. ಆದ್ದರಿಂದ ಮುಂದೆ ಹೇಳುವ ಪ್ರತಿಯೊಂದು ಹಂತದಲ್ಲಿಯೂ ‘ಉತ್ತರ ಯಾವ ದಾರಿಯಲ್ಲಿ ಬರುತ್ತದೆ’ ಎಂಬ ಪ್ರಶ್ನೆಯನ್ನೇ ಮೊದಲು ಕೇಳಿಕೊಳ್ಳಬೇಕು.

ವಿಳಾಸ ಹಂಚಿಕೆ

ರೂಟರಿಗೆ ಕೈಹಚ್ಚುವ ಮೊದಲು ಒಂದು ಹಾಳೆಯಲ್ಲಿ ವಿಳಾಸಗಳನ್ನು ಹಂಚಿಕೊಳ್ಳಿ. ಮಾರುಕಟ್ಟೆಯಲ್ಲಿ ಸಿಗುವ ಬಹುತೇಕ ರೂಟರ್‌ಗಳು 192.168.0.0/24 ಅಥವಾ 192.168.1.0/24 ಎಂಬ ಜಾಲದೊಂದಿಗೇ ಬರುತ್ತವೆ (/24 ಎಂದರೆ ವಿಳಾಸದ 32 ಬಿಟ್‌ಗಳಲ್ಲಿ ಮೊದಲ 24 ಜಾಲವನ್ನು ಗುರುತಿಸುತ್ತವೆ; ಈ ಸಂಖ್ಯೆ ಚಿಕ್ಕದಾದಷ್ಟೂ ಜಾಲ ದೊಡ್ಡದು). ಯಾರೂ ಬದಲಾಯಿಸದೆ ಹೋದರೆ ಮೂರೂ ಊರುಗಳಲ್ಲಿ ಅದೇ ಜಾಲವಿರುತ್ತದೆ. ಆಗ ಮಂಡ್ಯದ ಕಂಪ್ಯೂಟರ್ 192.168.1.10ನ್ನು ಹುಡುಕಿದರೆ, ಆ ವಿಳಾಸ ತನ್ನ ಪಕ್ಕದಲ್ಲಿಯೇ ಇದೆಯೆಂದು ಭಾವಿಸಿ ರೂಟರನ್ನು ಕೇಳುವುದೇ ಇಲ್ಲ. ಎಷ್ಟು ಒಳ್ಳೆಯ ಟನಲ್ ಇದ್ದರೂ ಇಲ್ಲಿ ಉಪಯೋಗವಿಲ್ಲ.

ಖಾಸಗಿ ಬಳಕೆಗೆಂದು 1996ರ ಆರ್‌ಎಫ್‌ಸಿ 1918 ಎಂಬ ಇಂಟರ್ನೆಟ್ ದಾಖಲೆ ಮೂರು ವಿಳಾಸ ಸಮೂಹಗಳನ್ನು ಬಿಟ್ಟುಕೊಟ್ಟಿದೆ: 10.0.0.0/8, 172.16.0.0/12 ಮತ್ತು 192.168.0.0/16. ಮೂರನೆಯದನ್ನು ಮನೆಗಳ ರೂಟರ್‌ಗಳು ತುಂಬಿಕೊಂಡಿವೆ. ಎರಡನೆಯದರಲ್ಲಿ 172.17.0.0/16ನ್ನು ಡಾಕರ್ (ಸರ್ವರಿನಲ್ಲಿ ತಂತ್ರಾಂಶಗಳನ್ನು ಪ್ರತ್ಯೇಕವಾಗಿ ನಡೆಸುವ ಸಾಧನ) ತಾನಾಗಿಯೇ ಹಿಡಿದುಕೊಳ್ಳುವುದರಿಂದ ಸರ್ವರಿನೊಳಗೇ ಗೊಂದಲವಾಗಬಹುದು. ಹೀಗಾಗಿ 10ರಿಂದ ಆರಂಭವಾಗುವ ಸಮೂಹವನ್ನೇ ಆರಿಸಿಕೊಳ್ಳುವುದು ಒಳ್ಳೆಯದು, ಅದರಲ್ಲಿಯೂ 10.0.0.0/24, 10.1.1.0/24ನಂತಹ ಎಲ್ಲರ ಕೈಗೂ ಮೊದಲು ಸಿಗುವ ಸಂಖ್ಯೆಗಳನ್ನು ಬಿಡುವುದು ಇನ್ನೂ ಒಳ್ಳೆಯದು. ನಮ್ಮ ಕಡೆಯ ಪಿನ್‌ಕೋಡ್‌ಗಳು 57ರಿಂದ ಆರಂಭವಾಗುವುದರಿಂದ ನೆನಪಿಗೆ ಸುಲಭವೆಂದು ನಾನು 10.57.0.0/16ನ್ನು ಬಳಸುತ್ತೇನೆ. ಅದನ್ನು ಹೀಗೆ ಹಂಚಬಹುದು:

ಮೈಸೂರು ಕಚೇರಿ: 10.57.0.0/20
ಮಂಡ್ಯ ಗಿರಣಿ: 10.57.16.0/20
ಮದ್ದೂರು ಗೋದಾಮು: 10.57.32.0/20
ಮುಂದೆ ಬರಬಹುದಾದ ಶಾಖೆ: 10.57.48.0/20
ಟನಲ್‌ಗಳ ಸ್ವಂತ ವಿಳಾಸ: 10.57.255.0/24

ಪ್ರತಿ ಊರಿಗೆ 4096 ವಿಳಾಸಗಳು ಬಂದವು. ಹತ್ತು ಕಂಪ್ಯೂಟರಿನ ಗಿರಣಿಗೆ ಇದು ಅತಿಯೆನಿಸಬಹುದು. ಆದರೆ ಒಂದು ಊರಿನೊಳಗೆ ಕಂಪ್ಯೂಟರ್‌ಗಳಿಗೊಂದು, ಕ್ಯಾಮೆರಾಗಳಿಗೊಂದು, ಫೋನುಗಳಿಗೊಂದು ಎಂದು ಬೇರೆ ಬೇರೆ ಸಬ್‌ನೆಟ್ (ಜಾಲದ ಒಳವಿಭಾಗ) ಬೇಕಾಗುತ್ತದೆ: ಮಂಡ್ಯದಲ್ಲಿ 10.57.16.0/24 ಕಂಪ್ಯೂಟರ್‌ಗಳು, 10.57.17.0/24 ಕ್ಯಾಮೆರಾಗಳು, 10.57.18.0/24 ಫೋನುಗಳು. ಮದ್ದೂರಿನಲ್ಲಿ ಅದೇ ಕ್ರಮದಲ್ಲಿ 32, 33, 34. ಹೊರಗಿನ ರೂಟರ್‌ಗಳಿಗೆ ಈ ಒಳವಿಭಾಗಗಳು ತಿಳಿಯಬೇಕಾಗಿಲ್ಲ. ಮಂಡ್ಯವೆಂದರೆ ಒಂದೇ ಸಾಲು, 10.57.16.0/20.

ಪಿನ್‌ಕೋಡ್ ನೋಡಿ ಅಂಚೆ ವಿಂಗಡಿಸುವ ಕ್ರಮವೂ ಹೀಗೆಯೇ. ದೂರದ ಊರಿನಲ್ಲಿ ವಿಂಗಡಿಸುವವರಿಗೆ ಮೊದಲ ಮೂರು ಅಂಕಿಗಳು ಸಾಕು. 571401 ಮಂಡ್ಯವೋ 571428 ಮದ್ದೂರೋ ಎಂದು ಕೊನೆಯ ಅಂಕಿಗಳನ್ನು ನೋಡಬೇಕಾದವರು ಹತ್ತಿರದವರು. ರೂಟರ್ ಕೂಡ ತನ್ನ ರೂಟಿಂಗ್ ಟೇಬಲ್‌ನಲ್ಲಿ (ದಾರಿಗಳ ಪಟ್ಟಿಯಲ್ಲಿ) ಒಂದೇ ವಿಳಾಸಕ್ಕೆ ಹೊಂದುವ ಹಲವು ಸಾಲುಗಳಿದ್ದರೆ ಹೆಚ್ಚು ಅಂಕಿಗಳು ಹೊಂದುವ ಸಾಲನ್ನೇ ಆರಿಸುತ್ತದೆ. /16 ಮತ್ತು /24 ಎರಡೂ ಹೊಂದಿದರೆ ಗೆಲ್ಲುವುದು /24. ಈ ಒಂದು ನಿಯಮವನ್ನು ನೆನಪಿಟ್ಟುಕೊಂಡರೆ ಮುಂದಿನ ಅರ್ಧ ಕೆಲಸ ಹಗುರಾಗುತ್ತದೆ.

ಈಗಾಗಲೇ ನಡೆಯುತ್ತಿರುವ ಕಚೇರಿಯಲ್ಲಿ ವಿಳಾಸ ಬದಲಾಯಿಸುವುದು ಒಂದು ಭಾನುವಾರದ ಕೆಲಸ. ತಾನಾಗಿ ವಿಳಾಸ ಪಡೆಯುವ ಕಂಪ್ಯೂಟರ್‌ಗಳು ತೊಂದರೆ ಕೊಡುವುದಿಲ್ಲ. ಪ್ರಿಂಟರ್, ಕ್ಯಾಮೆರಾಗಳ ರೆಕಾರ್ಡರ್, ಹಾಜರಾತಿ ಯಂತ್ರ, ಸರ್ವರಿನ ವಿಳಾಸವನ್ನು ತನ್ನೊಳಗೆ ಬರೆದಿಟ್ಟುಕೊಂಡಿರುವ ವೇಬ್ರಿಡ್ಜ್ ತಂತ್ರಾಂಶ ಇವುಗಳ ಪಟ್ಟಿಯನ್ನು ಮೊದಲೇ ಮಾಡಿಕೊಂಡಿರಬೇಕು. ಎರಡೂ ಕಡೆಯ ಒಂದೇ ವಿಳಾಸವನ್ನು ನ್ಯಾಟ್ (ದಾರಿಯಲ್ಲಿ ಪ್ಯಾಕೆಟ್‌ನ ವಿಳಾಸ ಬದಲಾಯಿಸುವುದು) ಮೂಲಕ ಬೇರೆಯಾಗಿ ತೋರಿಸುವ ಉಪಾಯವೊಂದಿದೆ. ವಿಳಾಸ ಬದಲಾಯಿಸಲು ಒಪ್ಪದ ಹೊರಗಿನ ಸಂಸ್ಥೆಯೊಂದಿಗೆ ಸಂಪರ್ಕ ಕಲ್ಪಿಸುವಾಗ ಮಾತ್ರ ಅದನ್ನು ಬಳಸಿ. ಸ್ವಂತ ಶಾಖೆಗಳ ನಡುವೆ ಬಳಸಿದರೆ ಒಂದು ವರ್ಷದ ಮೇಲೆ ಯಾವ ವಿಳಾಸ ಯಾರದೆಂದು ನಿಮಗೇ ತಿಳಿಯದಂತಾಗುತ್ತದೆ.

ಕೇಂದ್ರ ಎಲ್ಲಿರಬೇಕು

ಪ್ರತಿಯೊಂದು ಊರಿನಿಂದ ಪ್ರತಿಯೊಂದು ಊರಿಗೂ ಟನಲ್ ಹಾಕಿದರೆ ನಾಲ್ಕು ಊರುಗಳಿಗೆ 6, ಹತ್ತು ಊರುಗಳಿಗೆ 45 ಟನಲ್‌ಗಳು ಬೇಕಾಗುತ್ತವೆ. ಎಲ್ಲವನ್ನೂ ಮೈಸೂರಿಗೆ ಕಟ್ಟಿದರೆ ಹತ್ತು ಊರುಗಳಿಗೆ 9 ಸಾಕು. ಸಣ್ಣ ಸಂಸ್ಥೆಗೆ ನನ್ನ ಸಲಹೆ ಎರಡನೆಯದೇ. ಮಂಡ್ಯದಿಂದ ಮದ್ದೂರಿಗೆ ಇಪ್ಪತ್ತು ಕಿಲೋಮೀಟರ್ ಆಸುಪಾಸು ಇರುವಾಗ ಪ್ಯಾಕೆಟ್ ಮೈಸೂರಿಗೆ ಹೋಗಿಬರುವುದು ವ್ಯರ್ಥವಲ್ಲವೇ ಎಂದು ಕೇಳುವವರಿದ್ದಾರೆ. ಎರಡು ಊರುಗಳಲ್ಲಿ ಎರಡು ಬೇರೆ ಕಂಪನಿಗಳ ಬ್ರಾಡ್‌ಬ್ಯಾಂಡ್ ಇದ್ದರೆ ಆ ಪ್ಯಾಕೆಟ್ ಹೇಗಿದ್ದರೂ ಬೆಂಗಳೂರಿಗೋ ಚೆನ್ನೈಗೋ ಹೋಗಿ ಬರುವುದೇ ಸಾಮಾನ್ಯ. ರಸ್ತೆಯ ದೂರಕ್ಕೂ ಜಾಲದ ದೂರಕ್ಕೂ ಸಂಬಂಧ ಕಡಿಮೆ. ಲೆಕ್ಕ ಹಾಕಬೇಕಾದದ್ದು ಮೈಸೂರಿನ ಅಪ್‌ಲೋಡ್ ವೇಗವನ್ನು. ಮದ್ದೂರಿನ 16 ಕ್ಯಾಮೆರಾಗಳು ತಲಾ 2 ಎಂಬಿಪಿಎಸ್ ಕಳುಹಿಸಿ, ಅವುಗಳನ್ನು ಮಂಡ್ಯದಲ್ಲಿ ನೋಡುವುದಾದರೆ, ಮೈಸೂರಿನೊಳಗೆ 32 ಎಂಬಿಪಿಎಸ್ ಬಂದು ಅಷ್ಟೇ ಹೊರಗೂ ಹೋಗಬೇಕು. ಅಂತಹ ಜೋಡಿ ಊರುಗಳಿಗೆ ಮಾತ್ರ ಮುಂದೆ ಒಂದು ನೇರ ಟನಲ್ ಸೇರಿಸಿಕೊಳ್ಳಬಹುದು.

ಕೇಂದ್ರಕ್ಕೆ ಸಾರ್ವಜನಿಕ ಐಪಿ ವಿಳಾಸ ಬೇಕು. ಅನೇಕ ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ಒಂದು ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರು ಹಂಚಿಕೊಂಡಿರುತ್ತಾರೆ. ಇದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ. ರೂಟರ್‌ನ ವ್ಯಾನ್ (ಇಂಟರ್ನೆಟ್ ಕಡೆಯ) ವಿಳಾಸ 100.64ರಿಂದ 100.127ರ ನಡುವೆ ಇದ್ದರೆ, ಅಥವಾ 10ರಿಂದ ಆರಂಭವಾದರೆ, ಆ ಊರಿಗೆ ಹೊರಗಿನಿಂದ ಯಾರೂ ಬಾಗಿಲು ತಟ್ಟಲಾರರು. ಶಾಖೆಗಳಲ್ಲಿ ಹೀಗಿದ್ದರೆ ಚಿಂತೆಯಿಲ್ಲ, ಅವೇ ಮೈಸೂರನ್ನು ಕರೆಯುತ್ತವೆ. ಮೈಸೂರಿಗೆ ಮಾತ್ರ ಹಣ ಕೊಟ್ಟಾದರೂ ಸ್ಥಿರ ಐಪಿ ತೆಗೆದುಕೊಳ್ಳಿ. ಅದು ಸಾಧ್ಯವೇ ಆಗದಿದ್ದರೆ ಕ್ಲೌಡ್‌ನಲ್ಲಿ, ಉದಾಹರಣೆಗೆ ಮುಂಬೈ ಕೇಂದ್ರದಲ್ಲಿ, ಒಂದು ಸಣ್ಣ ಲಿನಕ್ಸ್ ಸರ್ವರನ್ನು ಬಾಡಿಗೆಗೆ ಪಡೆದು ಅದನ್ನೇ ಕೇಂದ್ರವನ್ನಾಗಿ ಮಾಡಿಕೊಳ್ಳಬೇಕಾಗುತ್ತದೆ. ಆಗ ಮೈಸೂರೂ ಒಂದು ಶಾಖೆಯಾಗುತ್ತದೆ.

ಟನಲ್ ಮತ್ತು ಅದರ ರೂಟ್‌ಗಳು

ಇಲ್ಲಿ ವೈರ್‌ಗಾರ್ಡ್ ಎಂಬ ವಿಪಿಎನ್ ಆಧರಿಸಿ ವಿವರಿಸುತ್ತೇನೆ. ಅದು 2020ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ 5.6ರಿಂದ ಕರ್ನಲ್‌ನೊಳಗೇ (ಕಾರ್ಯಾಚರಣೆ ವ್ಯವಸ್ಥೆಯ ತಿರುಳಿನಲ್ಲಿಯೇ) ಇದೆ. ಓಪನ್‌ಡಬ್ಲ್ಯೂಆರ್‌ಟಿ ಎಂಬ ತಂತ್ರಾಂಶ ಹಾಕಿದ ಸಣ್ಣ ರೂಟರ್‌ಗಳಲ್ಲಿಯೂ, ಮೈಕ್ರೋಟಿಕ್‌ನ ರೂಟರ್‌ಓಎಸ್ 7ರಲ್ಲಿಯೂ ಸಿಗುತ್ತದೆ. ಪ್ರತಿ ಊರಿನ ರೂಟರ್ ತನ್ನದೇ ಒಂದು ಜೋಡಿ ಕೀಗಳನ್ನು ಮಾಡಿಕೊಳ್ಳುತ್ತದೆ. ಸಾರ್ವಜನಿಕ ಕೀಯನ್ನು ಮಾತ್ರ ಇನ್ನೊಂದು ಊರಿಗೆ ಕೊಡಿ, ಖಾಸಗಿ ಕೀಯನ್ನು ವಾಟ್ಸಾಪ್‌ನಲ್ಲಿ ಕಳುಹಿಸಬೇಡಿ. ಮೈಸೂರಿನಲ್ಲಿ ಯುಡಿಪಿ 51820 ಪೋರ್ಟನ್ನು ತೆರೆಯಿರಿ. ಟನಲ್‌ನ ವಿಳಾಸ ಮೈಸೂರಿಗೆ 10.57.255.1, ಮಂಡ್ಯಕ್ಕೆ 10.57.255.2, ಮದ್ದೂರಿಗೆ 10.57.255.3.

ವೈರ್‌ಗಾರ್ಡ್‌ನಲ್ಲಿ ರೂಟಿಂಗ್‌ನ ಗುಟ್ಟೆಲ್ಲ ಇರುವುದು ಅಲೋಡ್ ಐಪೀಸ್ ಎಂಬ ಒಂದು ಸಾಲಿನಲ್ಲಿ. ಆ ಸಾಲಿಗೆ ಎರಡು ಕೆಲಸಗಳಿವೆ. ಪ್ಯಾಕೆಟ್ ಹೊರಗೆ ಹೋಗುವಾಗ, ಈ ವಿಳಾಸಕ್ಕೆ ಹೋಗಬೇಕಾದದ್ದನ್ನು ಯಾರ ಕೀಯಿಂದ ಮುಚ್ಚಬೇಕು ಎಂಬುದನ್ನು ಅದು ಹೇಳುತ್ತದೆ. ಪ್ಯಾಕೆಟ್ ಒಳಗೆ ಬರುವಾಗ, ಈ ಕೀಯವರು ಯಾವ ವಿಳಾಸದ ಹೆಸರಿನಲ್ಲಿ ಮಾತಾಡಬಹುದು ಎಂಬುದನ್ನು ಪರೀಕ್ಷಿಸುತ್ತದೆ. ಪಟ್ಟಿಯಲ್ಲಿ ಇಲ್ಲದ ವಿಳಾಸದಿಂದ ಬಂದ ಪ್ಯಾಕೆಟನ್ನು ಸದ್ದಿಲ್ಲದೆ ಎಸೆಯುತ್ತದೆ. ಈ ಎರಡನೆಯ ಕೆಲಸವನ್ನು ಮರೆತವರೇ ಹೆಚ್ಚು.

ಮೈಸೂರಿನ ರೂಟರಿನಲ್ಲಿ ಮಂಡ್ಯದ ಪಿಯರ್‌ಗೆ (ಟನಲ್‌ನ ಆಚೆ ತುದಿಗೆ) 10.57.255.2/32 ಮತ್ತು 10.57.16.0/20 ಎಂದು ಬರೆಯಿರಿ, ಮದ್ದೂರಿಗೆ 10.57.255.3/32 ಮತ್ತು 10.57.32.0/20. ಮಂಡ್ಯದ ರೂಟರಿನಲ್ಲಿ ಮೈಸೂರೆಂಬ ಒಬ್ಬನೇ ಪಿಯರ್ ಇರುವುದರಿಂದ ಅಲ್ಲಿ 10.57.0.0/16 ಎಂದು ಒಂದೇ ಸಾಲು ಸಾಕು, ಮದ್ದೂರಿನಲ್ಲಿಯೂ ಅಷ್ಟೇ. ಮಂಡ್ಯದಲ್ಲಿ 10.57.0.0/20 ಎಂದು ಮೈಸೂರಿನ ಭಾಗವನ್ನಷ್ಟೇ ಬರೆದರೆ ಮೈಸೂರು ಸಿಗುತ್ತದೆ, ಮದ್ದೂರು ಸಿಗುವುದಿಲ್ಲ. ಮದ್ದೂರಿನಿಂದ ಹೊರಟ ಪ್ಯಾಕೆಟ್ ಮೈಸೂರನ್ನು ದಾಟಿ ಬಂದರೂ ಮಂಡ್ಯದ ಬಾಗಿಲಿನಲ್ಲಿ ಬೀಳುತ್ತದೆ. ಶಾಖೆಗಳಲ್ಲಿ ಎಂಡ್‌ಪಾಯಿಂಟ್ ಎಂಬಲ್ಲಿ ಮೈಸೂರಿನ ಸ್ಥಿರ ಐಪಿಯನ್ನೂ, ಪರ್ಸಿಸ್ಟೆಂಟ್ ಕೀಪ್‌ಅಲೈವ್ ಎಂಬಲ್ಲಿ 25 ಸೆಕೆಂಡನ್ನೂ ಬರೆಯಿರಿ. ಈ 25 ಇಲ್ಲದಿದ್ದರೆ ಗಿರಣಿಯಲ್ಲಿ ಯಾರೂ ಕೆಲಸ ಮಾಡದ ಹೊತ್ತಿನಲ್ಲಿ ಬ್ರಾಡ್‌ಬ್ಯಾಂಡ್ ಕಂಪನಿಯ ನ್ಯಾಟ್ ಆ ಸಂಪರ್ಕವನ್ನು ಮರೆಯುತ್ತದೆ, ಮತ್ತು ಮಂಡ್ಯದವರೇ ಏನಾದರೂ ಕಳುಹಿಸುವ ತನಕ ಮೈಸೂರಿನಿಂದ ಮಂಡ್ಯ ಸಿಗುವುದಿಲ್ಲ.

ಅಲೋಡ್ ಐಪೀಸ್‌ನಲ್ಲಿ ಬರೆದ ಮಾತ್ರಕ್ಕೆ ರೂಟಿಂಗ್ ಟೇಬಲ್‌ನಲ್ಲಿ ಸಾಲು ಹುಟ್ಟುತ್ತದೆಯೆಂದು ನಂಬಬೇಡಿ. ಲಿನಕ್ಸ್‌ನಲ್ಲಿ ಡಬ್ಲ್ಯೂಜಿ-ಕ್ವಿಕ್ ಬಳಸಿದರೆ ಅದು ತಾನೇ ರೂಟ್ ಸೇರಿಸುತ್ತದೆ. ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಪಿಯರ್‌ನ ಪುಟದಲ್ಲಿರುವ ರೂಟ್ ಅಲೋಡ್ ಐಪೀಸ್ ಎಂಬ ಚೌಕಕ್ಕೆ ಗುರುತು ಹಾಕಬೇಕು. ಮೈಕ್ರೋಟಿಕ್‌ನಲ್ಲಿ ರೂಟ್‌ಗಳನ್ನು ಕೈಯಾರೆ ಬರೆಯಬೇಕು. ಲಿನಕ್ಸ್ ಯಂತ್ರವೇ ರೂಟರ್ ಆಗಿದ್ದರೆ ಬಂದ ಪ್ಯಾಕೆಟನ್ನು ಮುಂದಕ್ಕೆ ದಾಟಿಸುವ ಐಪಿ ಫಾರ್ವರ್ಡಿಂಗ್ ಎಂಬ ಕರ್ನಲ್ ಆಯ್ಕೆಯನ್ನು 1ಕ್ಕೆ ಬದಲಾಯಿಸಿ, ಯಂತ್ರ ಮರುಚಾಲನೆಯಾದರೂ ಅದು ಉಳಿಯುವಂತೆ ಬರೆದಿಡಿ.

ಇನ್ನೊಂದು ಸಾಲನ್ನು ಬಹಳ ಮಂದಿ ಬರೆಯುವುದಿಲ್ಲ, ನಾನಂತೂ ತಪ್ಪದೆ ಬರೆಯುತ್ತೇನೆ. ಮಂಡ್ಯದ /20ರಲ್ಲಿ ಈಗ ಬಳಕೆಯಲ್ಲಿರುವುದು ಮೂರು /24 ಮಾತ್ರ. ಯಾರೋ ತಪ್ಪಿ 10.57.25.5ನ್ನು ಹುಡುಕಿದರೆ ಮಂಡ್ಯದ ರೂಟರಿಗೆ ಅದಕ್ಕೆ ಹೊಂದುವ ಸಾಲು /16 ಮಾತ್ರ, ಆದ್ದರಿಂದ ಮೈಸೂರಿಗೆ ಕಳುಹಿಸುತ್ತದೆ. ಮೈಸೂರಿಗೆ ಅದು ಮಂಡ್ಯದ /20, ಆದ್ದರಿಂದ ಹಿಂದಕ್ಕೆ ಕಳುಹಿಸುತ್ತದೆ. ಪ್ಯಾಕೆಟ್‌ನ ಟಿಟಿಎಲ್ (ಎಷ್ಟು ರೂಟರ್ ದಾಟಬಹುದೆಂಬ ಮಿತಿ) ಮುಗಿಯುವ ತನಕ ಹೀಗೆಯೇ ಅಲೆಯಬಹುದು. ಇದನ್ನು ತಡೆಯಲು ಮಂಡ್ಯದ ರೂಟರಿನಲ್ಲಿ 10.57.16.0/20ಕ್ಕೆ ಒಂದು ಬ್ಲ್ಯಾಕ್‌ಹೋಲ್ ರೂಟ್ (ಹೊಂದಿದ ಪ್ಯಾಕೆಟನ್ನು ಅಲ್ಲಿಯೇ ಎಸೆಯುವ ಸಾಲು) ಹಾಕಿ. ಬಳಕೆಯಲ್ಲಿರುವ /24ಗಳು ಹೆಚ್ಚು ನಿಖರವಾದ್ದರಿಂದ ಅವುಗಳಿಗೆ ಬಾಧೆಯಿಲ್ಲ. ಮೈಸೂರಿನಲ್ಲಿ ಇಡೀ 10.57.0.0/16ಕ್ಕೆ ಅದೇ ರೀತಿ ಹಾಕಿದರೆ, ಟನಲ್ ಇಂಟರ್‌ಫೇಸ್ (ರೂಟರಿನಲ್ಲಿ ಆ ಸಂಪರ್ಕದ ದ್ವಾರ) ಬಿದ್ದಾಗ ಒಳಗಿನ ಪ್ಯಾಕೆಟ್‌ಗಳು ಬ್ರಾಡ್‌ಬ್ಯಾಂಡ್ ಕಡೆಗೆ ಸೋರುವುದಿಲ್ಲ.

ಬೇರೆ ವಿಧದ ವಿಪಿಎನ್ ಬಳಸುವವರಿಗೆ ಹೆಸರು ಬೇರೆ, ತತ್ವ ಅದೇ. ಓಪನ್‌ವಿಪಿಎನ್‌ನ ಸರ್ವರಿನಲ್ಲಿ ರೂಟ್ ಎಂಬ ಸಾಲು ಕರ್ನಲ್‌ಗೆ ದಾರಿ ಹೇಳುತ್ತದೆ, ಐರೂಟ್ ಎಂಬ ಸಾಲು ಯಾವ ಶಾಖೆಗೆಂದು ಓಪನ್‌ವಿಪಿಎನ್‌ಗೆ ಹೇಳುತ್ತದೆ, ಎರಡೂ ಬೇಕು. ಐಪಿಸೆಕ್‌ನಲ್ಲಿ ಪಾಲಿಸಿ ಆಧಾರಿತ ಕ್ರಮವಾದರೆ ಎರಡು ತುದಿಗಳ ಟ್ರಾಫಿಕ್ ಸೆಲೆಕ್ಟರ್‌ಗಳು (ಯಾವ ವಿಳಾಸದಿಂದ ಯಾವ ವಿಳಾಸಕ್ಕೆ ಹೋಗುವುದು ಟನಲ್‌ಗೆ ಸೇರಿದ್ದೆಂಬ ಸಾಲುಗಳು) ಕನ್ನಡಿಯ ಬಿಂಬದಂತೆ ಹೊಂದಬೇಕು, ಮತ್ತು ಶಾಖೆಯಿಂದ ಶಾಖೆಗೆ ಹೋಗುವ ವಿಳಾಸಗಳನ್ನೂ ಅವುಗಳಲ್ಲಿ ಸೇರಿಸಬೇಕು. ನಿಮ್ಮ ರೂಟರ್ ರೂಟ್ ಆಧಾರಿತ ಐಪಿಸೆಕ್ ಕೊಡುವುದಾದರೆ ಅದನ್ನೇ ಆರಿಸಿ; ಅಲ್ಲಿ ಟನಲ್ ಒಂದು ಇಂಟರ್‌ಫೇಸ್ ಆಗಿ ಕಾಣುತ್ತದೆ, ಮಿಕ್ಕಿದ್ದೆಲ್ಲ ಸಾಮಾನ್ಯ ರೂಟಿಂಗ್.

ಉತ್ತರದ ದಾರಿ

ಮೈಸೂರಿನಲ್ಲಿ ವಿಪಿಎನ್ ಮಾಡುವ ಯಂತ್ರವೇ ಕಚೇರಿಯ ಗೇಟ್‌ವೇ (ಹೊರಗೆ ಹೋಗುವ ಬಾಗಿಲು) ಆಗಿದ್ದರೆ ಉತ್ತರಕ್ಕೆ ದಾರಿ ತಾನಾಗಿ ಸಿಗುತ್ತದೆ. ಆದರೆ ಅನೇಕ ಕಚೇರಿಗಳಲ್ಲಿ ಬ್ರಾಡ್‌ಬ್ಯಾಂಡ್ ಕಂಪನಿ ಕೊಟ್ಟ ರೂಟರ್ 10.57.0.1ರಲ್ಲಿ ಗೇಟ್‌ವೇ ಆಗಿಯೇ ಉಳಿದಿರುತ್ತದೆ, ಅದರ ಪಕ್ಕದಲ್ಲಿ 10.57.0.5ರಲ್ಲಿ ವಿಪಿಎನ್ ಯಂತ್ರವನ್ನು ಇಟ್ಟಿರುತ್ತಾರೆ. ಮಂಡ್ಯದ 10.57.16.20ರಿಂದ ಬಂದ ಪ್ಯಾಕೆಟ್ ವಿಪಿಎನ್ ಯಂತ್ರದ ಮೂಲಕ ಸರ್ವರನ್ನು ತಲುಪುತ್ತದೆ. ಸರ್ವರಿಗೆ ತಿಳಿದಿರುವ ಗೇಟ್‌ವೇ ಒಂದೇ, 10.57.0.1. ಉತ್ತರವನ್ನು ಅದಕ್ಕೆ ಕೊಡುತ್ತದೆ. ಆ ರೂಟರಿಗೆ ಮಂಡ್ಯವೆಂಬುದು ತಿಳಿಯದು. ಇಂಟರ್ನೆಟ್ ಕಡೆಗೆ ಎಸೆಯುತ್ತದೆ, ಪ್ಯಾಕೆಟ್ ಅಲ್ಲಿಗೆ ಕಾಣೆಯಾಗುತ್ತದೆ.

ಇದಕ್ಕೆ ಮೂರು ಪರಿಹಾರಗಳನ್ನು ಜನ ಮಾಡುತ್ತಾರೆ. ಮೊದಲನೆಯದು, ಗೇಟ್‌ವೇ ರೂಟರಿನಲ್ಲಿ 10.57.0.0/16ಕ್ಕೆ 10.57.0.5ರ ಮೂಲಕ ಹೋಗು ಎಂಬ ಸ್ಟ್ಯಾಟಿಕ್ ರೂಟ್ ಬರೆಯುವುದು. ಪಿಂಗ್ (ಆಚೆಯ ಯಂತ್ರ ಉತ್ತರಿಸುತ್ತದೆಯೇ ಎಂದು ನೋಡುವ ಪರೀಕ್ಷೆ) ಕೂಡಲೇ ಸಿಗುತ್ತದೆ, ಎಲ್ಲರೂ ಸಂತೋಷಪಡುತ್ತಾರೆ. ಆದರೆ ಮಂಡ್ಯದಿಂದ ಬರುವ ಪ್ಯಾಕೆಟ್‌ಗಳು ಗೇಟ್‌ವೇಯನ್ನು ಮುಟ್ಟದೆ ಸರ್ವರಿಗೆ ಹೋಗುತ್ತವೆ, ಉತ್ತರಗಳು ಮಾತ್ರ ಗೇಟ್‌ವೇಯ ಮೂಲಕ ಹಾಯುತ್ತವೆ. ಸಂಪರ್ಕಗಳ ಲೆಕ್ಕವಿಡುವ ಫೈರ್‌ವಾಲ್ ಆ ಗೇಟ್‌ವೇಯಲ್ಲಿದ್ದರೆ, ಆರಂಭವನ್ನೇ ಕಾಣದ ಸಂಭಾಷಣೆಯ ಉತ್ತರವನ್ನು ಅಮಾನ್ಯವೆಂದು ತಡೆಯುತ್ತದೆ. ಪಿಂಗ್ ಸಿಗುತ್ತದೆ, ಲೆಕ್ಕಪತ್ರದ ತಂತ್ರಾಂಶ ತೆರೆಯುವುದಿಲ್ಲ ಎಂಬ ವಿಚಿತ್ರ ದೂರು ಬಂದರೆ ಮೊದಲು ಇದನ್ನೇ ಅನುಮಾನಿಸಿ.

ಎರಡನೆಯದು, ವಿಪಿಎನ್ ಯಂತ್ರದಲ್ಲಿ ಮಾಸ್ಕರೇಡ್ ಹಾಕಿ, ಮಂಡ್ಯದಿಂದ ಬಂದದ್ದೆಲ್ಲ 10.57.0.5ರಿಂದಲೇ ಬಂದಂತೆ ತೋರಿಸುವುದು. ಸರ್ವರ್ ಉತ್ತರವನ್ನು ಪಕ್ಕದ ಯಂತ್ರಕ್ಕೇ ಕೊಡುವುದರಿಂದ ಎಲ್ಲವೂ ನಡೆಯುತ್ತದೆ. ಆದರೆ ಸರ್ವರಿನ ದಾಖಲೆಯಲ್ಲಿ ಮಂಡ್ಯದ ಗುಮಾಸ್ತರೂ ಮದ್ದೂರಿನ ಗೋದಾಮಿನವರೂ ಒಂದೇ ವಿಳಾಸದವರಾಗುತ್ತಾರೆ. ತಪ್ಪು ನಮೂದು ಎಲ್ಲಿಂದ ಬಂತೆಂದು ಹುಡುಕುವ ದಿನ ಪಶ್ಚಾತ್ತಾಪವಾಗುತ್ತದೆ. ದಾಖಲೆಗಳ ವಿಷಯದಲ್ಲಿ ಕಾನೂನಿನ ಮಾತೂ ಇದೆ: ದೇಶದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಕಂಪನಿಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಯಾರದೆಂದು ತಿಳಿಯದ ವಿಳಾಸಗಳ ಲಾಗನ್ನು 180 ದಿನ ಇಟ್ಟರೂ ಅದರಿಂದ ಪ್ರಯೋಜನ ಕಡಿಮೆ.

ಮೂರನೆಯದೇ ಸರಿಯಾದದ್ದು. ಸಾಧ್ಯವಾದರೆ ವಿಪಿಎನ್ ಯಂತ್ರವನ್ನೇ ಗೇಟ್‌ವೇ ಮಾಡಿ, ಕಂಪನಿಯ ರೂಟರನ್ನು ಬ್ರಿಜ್ ಮೋಡ್‌ಗೆ (ರೂಟಿಂಗ್ ಮಾಡದೆ ಸಂಪರ್ಕವನ್ನಷ್ಟೇ ದಾಟಿಸುವ ಸ್ಥಿತಿಗೆ) ಹಾಕಿಸಿ. ಸಾಧ್ಯವಿಲ್ಲದಿದ್ದರೆ ಗೇಟ್‌ವೇ ಮತ್ತು ವಿಪಿಎನ್ ಯಂತ್ರದ ನಡುವೆ 10.57.15.0/30ನಂತಹ ಪ್ರತ್ಯೇಕ ಸಣ್ಣ ಸಬ್‌ನೆಟ್ ಮಾಡಿ, ಕಂಪ್ಯೂಟರ್‌ಗಳಿರುವ ಜಾಲದಿಂದ ವಿಪಿಎನ್ ಯಂತ್ರವನ್ನು ಹೊರಗಿಡಿ. ಆಗ ಹೋಗುವುದೂ ಬರುವುದೂ ಗೇಟ್‌ವೇಯ ಮೂಲಕವೇ ಆಗುತ್ತದೆ, ಫೈರ್‌ವಾಲ್ ಎರಡು ದಿಕ್ಕನ್ನೂ ನೋಡುತ್ತದೆ.

ನ್ಯಾಟ್ ಬಗ್ಗೆ ಇನ್ನೊಂದು ಮಾತು. ಇಂಟರ್ನೆಟ್‌ಗೆ ಹೋಗುವ ಪ್ಯಾಕೆಟ್‌ಗಳಿಗೆಂದು ಬರೆದ ಮಾಸ್ಕರೇಡ್ ನಿಯಮ ವ್ಯಾನ್ ಇಂಟರ್‌ಫೇಸಿಗೆ ಮಾತ್ರ ಅನ್ವಯಿಸುವಂತಿರಲಿ. ಪಾಲಿಸಿ ಆಧಾರಿತ ಐಪಿಸೆಕ್‌ನಲ್ಲಿ ಟನಲ್‌ಗೆ ಹೋಗುವ ಪ್ಯಾಕೆಟ್ ಕೂಡ ವ್ಯಾನ್ ಕಡೆಗೇ ಹೋಗುವಂತೆ ಕಾಣುವುದರಿಂದ, 10.57.0.0/16ಕ್ಕೆ ಹೋಗುವುದನ್ನು ನ್ಯಾಟ್‌ನಿಂದ ಹೊರಗಿಡುವ ಸಾಲನ್ನು ಮಾಸ್ಕರೇಡ್‌ಗಿಂತ ಮೇಲೆ ಬರೆಯಲೇಬೇಕು.

ಯಾರು ಎಲ್ಲಿಗೆ ಹೋಗಬಹುದು ಎಂಬುದನ್ನು ಮೈಸೂರಿನ ಫೈರ್‌ವಾಲ್‌ನಲ್ಲಿಯೇ ನಿರ್ಧರಿಸಿ. ಆರಂಭವಾದ ಸಂಪರ್ಕಗಳ ಉತ್ತರಕ್ಕೆ ಅನುಮತಿ ಮೊದಲ ಸಾಲು, ಶಾಖೆಯ ಕಂಪ್ಯೂಟರ್‌ಗಳಿಂದ ಸರ್ವರಿನ ಬೇಕಾದ ಪೋರ್ಟ್‌ಗೆ ಅನುಮತಿ ಎರಡನೆಯದು, ಮೈಸೂರಿನಿಂದ ಕ್ಯಾಮೆರಾಗಳಿಗೆ ಅನುಮತಿ ಮೂರನೆಯದು, ಮಿಕ್ಕಿದ್ದೆಲ್ಲ ನಿಷೇಧ. ಕ್ಯಾಮೆರಾಗಳು ತಾವಾಗಿ ಸರ್ವರನ್ನು ಮುಟ್ಟಬೇಕಾದ ಅಗತ್ಯವಿಲ್ಲ. ಅತಿಥಿಗಳ ವೈಫೈಯಂತೂ ಟನಲ್‌ನ ಹತ್ತಿರವೂ ಸುಳಿಯಬಾರದು. ಶಾಖೆಗಳ ಇಂಟರ್ನೆಟ್ ಬಳಕೆಯನ್ನು ಮೈಸೂರಿನ ಮೂಲಕ ಎಳೆಯುವ ಹವ್ಯಾಸ ಕೆಲವರಿಗಿದೆ. ಅದಕ್ಕೆ ನಿರ್ದಿಷ್ಟ ಕಾರಣವಿಲ್ಲದಿದ್ದರೆ ಬಿಟ್ಟುಬಿಡಿ, ಮೈಸೂರಿನ ಸಂಪರ್ಕ ಹೋದ ದಿನ ಮೂರೂ ಊರುಗಳು ಒಟ್ಟಿಗೆ ಸುಮ್ಮನೆ ಕುಳಿತುಕೊಳ್ಳಬೇಕಾಗುತ್ತದೆ.

ಪ್ಯಾಕೆಟ್‌ನ ಗಾತ್ರ

ಪಿಂಗ್ ಸಿಗುತ್ತದೆ, ಲಾಗಿನ್ ಪುಟವೂ ತೆರೆಯುತ್ತದೆ, ದೊಡ್ಡ ವರದಿಯನ್ನು ತೆರೆದಾಗ ಮಾತ್ರ ಗಡಿಯಾರ ಸುತ್ತುತ್ತಲೇ ಇರುತ್ತದೆ ಎಂದಾದರೆ ದಾರಿ ಸರಿಯಿದೆ, ದಾರಿಯ ಅಗಲ ಸಾಲದು. ಸಾಮಾನ್ಯ ಸಂಪರ್ಕದಲ್ಲಿ ಒಂದು ಪ್ಯಾಕೆಟ್ 1500 ಬೈಟ್‌ಗಳಷ್ಟಿರಬಹುದು. ವೈರ್‌ಗಾರ್ಡ್ ತನ್ನ ಹೊದಿಕೆಗೆ ಐಪಿವಿ4 ಮೇಲೆ 60, ಐಪಿವಿ6 ಮೇಲೆ 80 ಬೈಟ್ ತೆಗೆದುಕೊಳ್ಳುತ್ತದೆ. ಆದ್ದರಿಂದಲೇ ಅದರ ರೂಢಿಯ ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) 1420. ಬಳಕೆದಾರರ ಹೆಸರು, ಪಾಸ್‌ವರ್ಡ್ ಕೊಟ್ಟು ತೆರೆಯುವ ಪಿಪಿಪಿಒಇ ಬ್ರಾಡ್‌ಬ್ಯಾಂಡ್‌ನಲ್ಲಿ ಹೊರಗಿನ ಮಿತಿಯೇ 1492. ಐಪಿವಿ4 ಮೇಲೆ ಹೋದರೆ 1420 ಇನ್ನೂ ಹಿಡಿಸುತ್ತದೆ, ಐಪಿವಿ6 ಮೇಲಾದರೆ 8 ಬೈಟ್ ಕಡಿಮೆ ಬೀಳುತ್ತದೆ, ಆಗ 1412 ಇಡಬೇಕು. ಪರೀಕ್ಷಿಸುವುದು ಸುಲಭ: ತುಂಡರಿಸಬಾರದು ಎಂಬ ಆಯ್ಕೆಯೊಂದಿಗೆ 1392 ಬೈಟ್ ಗಾತ್ರದ ಪಿಂಗ್ ಕಳುಹಿಸಿ. ಅದಕ್ಕೆ 28 ಬೈಟ್‌ಗಳ ಶಿರೋಭಾಗ ಸೇರಿ 1420 ಆಗುತ್ತದೆ. ಅದು ಹೋಗದಿದ್ದರೆ ಗಾತ್ರವನ್ನು ಇಳಿಸುತ್ತಾ ಹೋಗಿ, ಹೋಗುವ ಗಾತ್ರಕ್ಕೆ 28 ಕೂಡಿಸಿ ಎಂಟಿಯು ನಿಗದಿಮಾಡಿ. ಜೊತೆಗೆ ರೂಟರಿನಲ್ಲಿ ಎಂಎಸ್‌ಎಸ್ ಕ್ಲ್ಯಾಂಪಿಂಗ್ (ಟಿಸಿಪಿ ಸಂಪರ್ಕಗಳ ತುಣುಕಿನ ಗಾತ್ರಕ್ಕೆ ಮಿತಿ ಹಾಕುವುದು) ಚಾಲೂ ಮಾಡಿ; ಐಪಿವಿ4ರಲ್ಲಿ ಎಂಎಸ್‌ಎಸ್ ಎಂದರೆ ಎಂಟಿಯುಗಿಂತ 40 ಕಡಿಮೆ, ಅಂದರೆ 1420ಕ್ಕೆ 1380.

ಪರೀಕ್ಷೆಯ ಕ್ರಮ

ಹತ್ತಿರದಿಂದ ದೂರಕ್ಕೆ ಹೋಗಿ, ಒಂದೊಂದೇ ಹೆಜ್ಜೆ. ಮೊದಲು ಎರಡೂ ಕಡೆ ಕೊನೆಯ ಹ್ಯಾಂಡ್‌ಶೇಕ್ (ಎರಡು ತುದಿಗಳು ಪರಸ್ಪರ ಗುರುತಿಸಿ ಸಂಪರ್ಕ ಹೂಡುವುದು) ಎಷ್ಟು ಹೊತ್ತಿನ ಹಿಂದೆ ಆಯಿತೆಂದು ನೋಡಿ. ಟನಲ್ ಬಳಕೆಯಲ್ಲಿದ್ದರೆ ಅದು ಎರಡು ನಿಮಿಷಗಳಿಗೊಮ್ಮೆ ಹೊಸದಾಗುತ್ತಿರಬೇಕು. ಕಳುಹಿಸಿದ ಬೈಟ್‌ಗಳು ಏರುತ್ತಾ, ಸ್ವೀಕರಿಸಿದ್ದು ಸೊನ್ನೆಯಲ್ಲಿಯೇ ನಿಂತಿದ್ದರೆ ಪೋರ್ಟ್ ತೆರೆದಿಲ್ಲ ಅಥವಾ ಕೀ ತಪ್ಪಿದೆ. ಲಿನಕ್ಸ್‌ನಲ್ಲಿ ಪಿಂಗ್ ಮಾಡಿದಾಗ ‘ರಿಕ್ವೈರ್ಡ್ ಕೀ ನಾಟ್ ಅವೈಲಬಲ್’ ಎಂದು ಬಂದರೆ ರೂಟ್ ಇದೆ, ಆ ವಿಳಾಸ ಯಾವ ಪಿಯರ್‌ನ ಪಟ್ಟಿಯಲ್ಲಿಯೂ ಇಲ್ಲ ಎಂದರ್ಥ.

ನಂತರ ಟನಲ್‌ನ ವಿಳಾಸ 10.57.255.1, ನಂತರ ಆ ಊರಿನ ರೂಟರಿನ ಒಳವಿಳಾಸ, ಕೊನೆಗೆ ಸರ್ವರ್. ಇಲ್ಲಿ ಒಂದು ಮೋಸವಿದೆ. ಮಂಡ್ಯದ ರೂಟರಿನಿಂದಲೇ ಪಿಂಗ್ ಮಾಡಿದರೆ ಅದರ ಮೂಲ ವಿಳಾಸ 10.57.255.2 ಆಗಿರುತ್ತದೆ, ಅದು ಸಿಕ್ಕ ಮಾತ್ರಕ್ಕೆ ವೇಬ್ರಿಡ್ಜ್‌ನ 10.57.16.20ಕ್ಕೆ ಉತ್ತರ ಬರುತ್ತದೆಂದು ಹೇಳಲಾಗದು. ಮೂಲ ವಿಳಾಸವನ್ನು 10.57.16.1 ಎಂದು ನಮೂದಿಸಿ ಪಿಂಗ್ ಮಾಡಿ, ಅಥವಾ ವೇಬ್ರಿಡ್ಜ್‌ನ ಕಂಪ್ಯೂಟರಿನಿಂದಲೇ ಮಾಡಿ. ಇನ್ನೊಂದು ಮೋಸ ವಿಂಡೋಸ್‌ನದು: ಅದರ ಫೈರ್‌ವಾಲ್ ಸಾಮಾನ್ಯವಾಗಿ ತನ್ನದೇ ಸಬ್‌ನೆಟ್‌ನಿಂದ ಬಂದ ಪಿಂಗ್‌ಗೆ ಮಾತ್ರ ಉತ್ತರಿಸುತ್ತದೆ. ಮೈಸೂರಿನೊಳಗೆ ಸಿಗುವ ಕಂಪ್ಯೂಟರ್ ಮಂಡ್ಯದಿಂದ ಸಿಗದಿದ್ದರೆ, ರೂಟರನ್ನು ಬಿಚ್ಚಿ ಕೂರುವ ಮೊದಲು ಅದನ್ನು ನೋಡಿ.

ಇಷ್ಟಾದರೂ ತಿಳಿಯದಿದ್ದರೆ, ಹಾಯುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್. ಮೈಸೂರಿನ ಯಂತ್ರದಲ್ಲಿ ಟನಲ್ ಇಂಟರ್‌ಫೇಸಿನ ಮೇಲೊಂದು, ಒಳಜಾಲದ ಇಂಟರ್‌ಫೇಸಿನ ಮೇಲೊಂದು ತೆರೆದಿಟ್ಟು, ಮಂಡ್ಯದಿಂದ ಪಿಂಗ್ ಮಾಡಿಸಿ. ಟನಲ್‌ನಲ್ಲಿ ಬಂದು ಒಳಗೆ ಹೋಗದಿದ್ದರೆ ಫಾರ್ವರ್ಡಿಂಗ್ ಅಥವಾ ಫೈರ್‌ವಾಲ್. ಒಳಗೆ ಹೋಗಿ ಉತ್ತರ ಬರದಿದ್ದರೆ ಸರ್ವರಿನ ಗೇಟ್‌ವೇ. ಉತ್ತರ ಬಂದು ಟನಲ್‌ಗೆ ಹೋಗದಿದ್ದರೆ ಮೈಸೂರಿನ ರೂಟ್. ಹತ್ತು ನಿಮಿಷದಲ್ಲಿ ತಪ್ಪು ಯಾವ ಕೊಂಡಿಯಲ್ಲಿದೆಯೆಂದು ಗೊತ್ತಾಗುತ್ತದೆ.

ದೂರದ ರೂಟರಿನಲ್ಲಿ ರೂಟ್ ಬದಲಾಯಿಸುವಾಗ ಅದೇ ಟನಲ್‌ನ ಮೇಲೆ ಕುಳಿತಿರುತ್ತೀರಿ ಎಂಬುದನ್ನು ಮರೆಯಬೇಡಿ. ಮೈಕ್ರೋಟಿಕ್‌ನಲ್ಲಿ ಸೇಫ್ ಮೋಡ್ ಬಳಸಿ. ಬೇರೆಡೆ, ಬದಲಾವಣೆಯನ್ನು ಉಳಿಸದೆ ಮಾಡಿ, ಹತ್ತು ನಿಮಿಷಕ್ಕೆ ಮರುಚಾಲನೆಯಾಗುವಂತೆ ಸಮಯ ಇಟ್ಟುಕೊಳ್ಳಿ. ಎಲ್ಲ ಸರಿಯಿದ್ದರೆ ಮರುಚಾಲನೆಯನ್ನು ರದ್ದುಮಾಡಿ ಉಳಿಸಿ. ಇದನ್ನು ಮಾಡದವರು ವಡೆ ತಿನ್ನುವ ನೆಪ ಹೇಳಿಕೊಂಡು ಮದ್ದೂರಿನ ಬಸ್ ಹತ್ತಬೇಕಾಗುತ್ತದೆ.

ಕರೆಂಟ್, ಗಡಿಯಾರ ಮತ್ತು ಎರಡನೆಯ ಸಂಪರ್ಕ

ಒಂದು ಗಿರಣಿಯಲ್ಲಿ ಕರೆಂಟ್ ಹೋಗಿ ಬಂದ ಮೇಲೆಲ್ಲ ಟನಲ್ ಏಳುತ್ತಿರಲಿಲ್ಲ. ಇಂಟರ್ನೆಟ್ ಇತ್ತು, ಕೀ ಸರಿಯಿತ್ತು, ನಾನು ಎರಡು ದಿನ ಬ್ರಾಡ್‌ಬ್ಯಾಂಡ್‌ನವರನ್ನೇ ದೂರಿದೆ. ಕಾರಣ ಆ ಸಣ್ಣ ರೂಟರಿನೊಳಗೆ ಬ್ಯಾಟರಿ ಇರುವ ಗಡಿಯಾರವಿಲ್ಲದಿರುವುದು. ವೈರ್‌ಗಾರ್ಡ್‌ನ ಹ್ಯಾಂಡ್‌ಶೇಕ್‌ನಲ್ಲಿ ಸಮಯದ ಮುದ್ರೆಯೊಂದಿರುತ್ತದೆ. ಹಿಂದೆ ಕಂಡ ಮುದ್ರೆಗಿಂತ ಹಳೆಯದು ಬಂದರೆ ಅದನ್ನು ಯಾರೋ ನಕಲು ಮಾಡಿ ಕಳುಹಿಸಿದ್ದೆಂದು ಭಾವಿಸಿ ಕೇಂದ್ರ ತಿರಸ್ಕರಿಸುತ್ತದೆ. ಕರೆಂಟ್ ಬಂದಾಗ ರೂಟರ್ ಹಳೆಯ ದಿನಾಂಕದೊಂದಿಗೆ ಎಚ್ಚರವಾಗುತ್ತಿತ್ತು. ಸಮಯ ಸರಿಮಾಡಿಕೊಳ್ಳಲು ನಾನೇ ಎನ್‌ಟಿಪಿ ಸರ್ವರಾಗಿ ಕೊಟ್ಟಿದ್ದ ವಿಳಾಸ ಟನಲ್‌ನ ಆಚೆಯ ಮೈಸೂರಿನದು! ಸಮಯಕ್ಕೆ ಟನಲ್ ಬೇಕು, ಟನಲ್‌ಗೆ ಸಮಯ ಬೇಕು. ಶಾಖೆಯ ರೂಟರಿನ ಎನ್‌ಟಿಪಿ ಮತ್ತು ಅದರ ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕುವುದು) ಎರಡೂ ನೇರವಾಗಿ ಬ್ರಾಡ್‌ಬ್ಯಾಂಡ್ ಮೂಲಕವೇ ಹೋಗಬೇಕೆಂಬುದನ್ನು ಅಂದಿನಿಂದ ನನ್ನ ಪಟ್ಟಿಯ ಮೊದಲ ಸಾಲಿನಲ್ಲಿ ಬರೆದಿಟ್ಟಿದ್ದೇನೆ.

ಮೈಸೂರಿನಲ್ಲಿ ಎರಡನೆಯ ಬ್ರಾಡ್‌ಬ್ಯಾಂಡ್ ತೆಗೆದುಕೊಂಡು, ಒಂದು ಹೋದರೆ ಇನ್ನೊಂದರ ಮೇಲೆ ನಡೆಯಲಿ ಎಂದು ಬಯಸುವವರಿಗೆ ಎರಡು ಎಚ್ಚರಿಕೆಗಳಿವೆ. ವೈರ್‌ಗಾರ್ಡ್‌ನ ಒಂದೇ ಇಂಟರ್‌ಫೇಸಿನಲ್ಲಿ ಒಂದು ವಿಳಾಸ ಸಮೂಹ ಒಬ್ಬ ಪಿಯರ್‌ಗೆ ಮಾತ್ರ ಸೇರಿರಬಲ್ಲದು. ಇನ್ನೊಬ್ಬನಿಗೆ ಬರೆದ ಕೂಡಲೇ ಮೊದಲನೆಯವನಿಂದ ಅದು ಕಳಚಿಕೊಳ್ಳುತ್ತದೆ. ಆದ್ದರಿಂದ ಪ್ರತಿ ಟನಲ್‌ಗೂ ಪ್ರತ್ಯೇಕ ಇಂಟರ್‌ಫೇಸ್ ಮತ್ತು ಪ್ರತ್ಯೇಕ ಪೋರ್ಟ್ ಬೇಕು. ಎರಡನೆಯದಾಗಿ, ಆಚೆಯ ತುದಿ ಸತ್ತರೂ ವೈರ್‌ಗಾರ್ಡ್ ಇಂಟರ್‌ಫೇಸ್ ಬೀಳುವುದಿಲ್ಲ, ಹಾಗಾಗಿ ಕಡಿಮೆ ಮೆಟ್ರಿಕ್‌ನ (ಅಂದರೆ ಹೆಚ್ಚು ಆದ್ಯತೆಯ) ಸ್ಟ್ಯಾಟಿಕ್ ರೂಟ್ ಟೇಬಲ್‌ನಲ್ಲಿಯೇ ಉಳಿದು ಪ್ಯಾಕೆಟ್‌ಗಳನ್ನು ಸತ್ತ ದಾರಿಗೇ ಕಳುಹಿಸುತ್ತಿರುತ್ತದೆ. ಮೂರು ಊರುಗಳಿಗೆ, ಆಚೆ ತುದಿಯನ್ನು ಆಗಾಗ ಪಿಂಗ್ ಮಾಡಿ ರೂಟ್ ಬದಲಾಯಿಸುವ ಸಣ್ಣ ಸ್ಕ್ರಿಪ್ಟ್ ಸಾಕು. ಊರುಗಳು ಆರೇಳಾದರೆ ರೂಟರ್‌ಗಳು ತಾವೇ ದಾರಿಗಳನ್ನು ಪರಸ್ಪರ ತಿಳಿಸಿಕೊಳ್ಳುವ ಓಎಸ್‌ಪಿಎಫ್ ಅಥವಾ ಬಿಜಿಪಿ ನಡೆಸುವುದು ಮೇಲು. ಓಎಸ್‌ಪಿಎಫ್ ರೂಢಿಯಂತೆ 10 ಸೆಕೆಂಡಿಗೊಮ್ಮೆ ಹಲೋ ಕಳುಹಿಸಿ, 40 ಸೆಕೆಂಡ್ ಉತ್ತರವಿಲ್ಲದಿದ್ದರೆ ಆ ದಾರಿಯನ್ನು ತೆಗೆಯುತ್ತದೆ. ಅದರ ಮಲ್ಟಿಕಾಸ್ಟ್ (ಹಲವರಿಗೆ ಒಟ್ಟಿಗೆ ಕಳುಹಿಸುವ) ಸಂದೇಶಗಳೂ ಹಾಯಲು ಪ್ರತಿ ಟನಲ್‌ನ ಅಲೋಡ್ ಐಪೀಸನ್ನು 0.0.0.0/0 ಎಂದು ತೆರೆದು, ರೂಟ್‌ಗಳನ್ನು ತಾನಾಗಿ ಸೇರಿಸುವುದನ್ನು ನಿಲ್ಲಿಸಬೇಕು. ಬಿಜಿಪಿಯಾದರೆ ಸಾಮಾನ್ಯ ಟಿಸಿಪಿ 179ರಲ್ಲಿ ಮಾತಾಡುತ್ತದೆ, 64512ರಿಂದ 65534ರವರೆಗಿನ ಖಾಸಗಿ ಎಎಸ್ (ಜಾಲವನ್ನು ಗುರುತಿಸುವ) ಸಂಖ್ಯೆಗಳಲ್ಲಿ ಊರಿಗೊಂದನ್ನು ಕೊಡಬಹುದು.

ನಾಲ್ಕನೆಯ ಶಾಖೆ ಕೆ.ಆರ್. ಪೇಟೆಯಲ್ಲಿ ತೆರೆಯುವ ದಿನ ಈ ಹಂಚಿಕೆಯ ಉಪಯೋಗ ಕಾಣುತ್ತದೆ. ಹೊಸ ರೂಟರಿಗೆ 10.57.48.0/20 ಮತ್ತು 10.57.255.4 ಕೊಟ್ಟು, ಅದರಲ್ಲಿ ಮೈಸೂರಿನ ಪಿಯರ್‌ಗೆ 10.57.0.0/16 ಬರೆಯಿರಿ, ಮೈಸೂರಿನಲ್ಲಿ ಒಬ್ಬ ಹೊಸ ಪಿಯರ್, ಅವನಿಗೆ 10.57.255.4/32 ಮತ್ತು 10.57.48.0/20, ಫೈರ್‌ವಾಲ್‌ನಲ್ಲಿ ಒಂದು ಸಾಲು. ಮಂಡ್ಯದ ಮತ್ತು ಮದ್ದೂರಿನ ರೂಟರ್‌ಗಳಲ್ಲಿ ಹಾಗೂ ಮೈಸೂರಿನ ಗೇಟ್‌ವೇಯಲ್ಲಿ /16 ಮೊದಲೇ ಇರುವುದರಿಂದ ಅವುಗಳಲ್ಲಿ ಏನನ್ನೂ ಮುಟ್ಟಬೇಕಾಗಿಲ್ಲ. ಕೆ.ಆರ್. ಪೇಟೆಯ ಕಂಪ್ಯೂಟರಿನಿಂದ ಮದ್ದೂರಿನ ಗೋದಾಮಿಗೆ ಪಿಂಗ್ ಮಾಡಿ ನೋಡಿ. ಆಮೇಲೆ ಮದ್ದೂರಿನಿಂದಲೂ ಒಮ್ಮೆ ಮಾಡಿಸಿ.